ಕುದುರೆಯ ಬೆನ್ನ ಮೇಲೆ ಅರ್ಥವಾದ ದುಆ

ವಾಹನ ಹತ್ತುವಾಗ ಹೇಳುವ ದುಆ ನಮ್ಮ ಮನೆಗಳಲ್ಲಿ ಇನ್ನೂ ಶಾಲೆಗೆ ಸೇರದ ಮಕ್ಕಳಿಗೂ ಬಾಯಿಪಾಠ. ಸ್ಕೂಟರಿನ ಮುಂದೆ ನಿಂತು ಹೇಳ್ತಾರೆ, ಸ್ಕೂಲ್ ವ್ಯಾನಿನಲ್ಲಿ ಒಟ್ಟಾಗಿ ಹೇಳ್ತಾರೆ. ಇಪ್ಪತ್ತು ವರ್ಷಗಳಿಂದ ನಾನೂ ಅದನ್ನು ಮದ್ರಸದಲ್ಲಿ ಕಲಿಸುತ್ತಾ ಬಂದಿದ್ದೇನೆ. ಪರೀಕ್ಷೆಯಲ್ಲಿ ಅರ್ಥ ಬರೆಯಿರಿ ಎಂದು ಪ್ರಶ್ನೆಯನ್ನೂ ಕೊಟ್ಟಿದ್ದೇನೆ. ಆದರೆ ಅದರ ಅರ್ಥ ನನಗೇ ಪೂರ್ತಿ ಗೊತ್ತಿರಲಿಲ್ಲ ಎಂದು ತಿಳಿದದ್ದು ಮೊನ್ನೆ ಮೊನ್ನೆ, ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ, ಕುದುರೆಯೊಂದರ ಬೆನ್ನ ಮೇಲೆ ಕೂತಿದ್ದಾಗ.

ಸೂರಃ ಝುಖ್ರುಫ್‌ನ 13 ಮತ್ತು 14ನೇ ಆಯತ್‌ಗಳಲ್ಲಿ ಆ ದುಆ ಉಂಟು. ಅದಕ್ಕಿಂತ ಮೊದಲಿನ ಆಯತ್‌ನಲ್ಲಿ ಅಲ್ಲಾಹನು ನಮಗಾಗಿ ಮಾಡಿಕೊಟ್ಟ ಹಡಗುಗಳ ಮತ್ತು ಸವಾರಿಯ ಪ್ರಾಣಿಗಳ ಪ್ರಸ್ತಾಪ ಬರುತ್ತದೆ. ಇದನ್ನು ನಮಗೆ ವಶಪಡಿಸಿಕೊಟ್ಟವನು ಪರಿಶುದ್ಧನು, ಸ್ವಂತ ಬಲದಿಂದ ಇದನ್ನು ಹತೋಟಿಗೆ ತರುವ ಶಕ್ತಿ ನಮಗಿರಲಿಲ್ಲ, ನಾವು ಮರಳುವುದು ನಮ್ಮ ರಬ್ಬಿನ ಕಡೆಗೇ ಎಂಬುದು ಅದರ ತಾತ್ಪರ್ಯ. ಬೈಕಿನ ಕೀ ತಿರುಗಿಸುವವನಿಗೆ ಈ 'ಶಕ್ತಿ ಇರಲಿಲ್ಲ' ಎಂಬ ಮಾತು ಹೇಗೆ ತಲೆಗೆ ಹೋಗಬೇಕು? ಕೀ ನಮ್ಮ ಕೈಯಲ್ಲೇ ಉಂಟಲ್ಲ! ಕುದುರೆಗೆ ಕೀ ಇಲ್ಲ.

ಲಾಯದಲ್ಲಿ ಕಲಿತ ಗೆಳೆಯ

ಅವನೂ ನಾನೂ ಒಂದೇ ಮಸೀದಿಯ ದರ್ಸ್‌ನಲ್ಲಿ ಒಂದೇ ಕಿತಾಬಿನ ಎದುರು ಕೂತು ಓದಿದವರು. ನಾನು ಮದ್ರಸ ಹಿಡಿದೆ, ಅವನು ಸೌದಿಯ ದಾರಿ ಹಿಡಿದ. ಡ್ರೈವರ್ ಕೆಲಸ ಎಂದು ನಂಬಿ ಹೋದವನನ್ನು ಅಲ್ಲಿ ಕಫೀಲ್ ಕುದುರೆ ಲಾಯಕ್ಕೆ ಹಾಕಿದ. ಮೊದಲ ಆರು ತಿಂಗಳು ಲದ್ದಿ ಬಾಚುವುದು, ನೀರು ಹೊರುವುದು. ಊರಿಗೆ ಫೋನ್ ಮಾಡಿ ಅತ್ತದ್ದು ನನಗೆ ನೆನಪುಂಟು. ಆಮೇಲೆ ಲಾಯದ ಮುದುಕನೊಬ್ಬ ಇವನ ಕೈ ಮೃದು ಎಂದು ಗಮನಿಸಿ ಕುದುರೆ ಪಳಗಿಸುವುದನ್ನು ಕಲಿಸಿದ. ಹನ್ನೊಂದು ವರ್ಷ ಅಲ್ಲೇ ಇದ್ದ. ಈಗ ಮೂಡಿಗೆರೆ ಕಡೆಯ ತೋಟವೊಂದರಲ್ಲಿ ರೈಟರ್. ಆ ತೋಟದ ಸಾಹುಕಾರರು ಎರಡು ಕುದುರೆ ಸಾಕಿದ್ದಾರೆ, ಅವುಗಳ ಪೂರ್ತಿ ಜವಾಬ್ದಾರಿ ಇವನದ್ದು.

"ಉಸ್ತಾದರೇ, ಸೂರಃ ಆದಿಯಾತ್ ಓದಿಸ್ತೀರಿ, ಒಮ್ಮೆಯಾದ್ರೂ ಕುದುರೆ ಮುಟ್ಟಿದ್ದೀರಾ?" ಎಂದು ತಮಾಷೆ ಮಾಡುವುದು ಅವನ ಚಾಳಿ. ಮದ್ರಸಕ್ಕೆ ಪರೀಕ್ಷೆ ಮುಗಿದು ನಾಲ್ಕು ದಿನ ರಜೆ ಸಿಕ್ಕಿತು. ಈ ಸಲ ಬರ್ತೇನೆ ಮಾರಾಯ ಎಂದೆ.

ಹೋಗಲು ಇನ್ನೊಂದು ಕಾರಣವೂ ಇತ್ತು. ಅದನ್ನು ಅವನಿಗೆ ಹೇಳಿರಲಿಲ್ಲ. ರಜೆಗೆ ಎರಡು ವಾರ ಮೊದಲು ಮೂರನೇ ಕ್ಲಾಸಿನ ಒಬ್ಬ ಹುಡುಗನಿಗೆ ನಾನು ಹೊಡೆದಿದ್ದೆ. ಅದೇ ಸೂರಃ ಆದಿಯಾತ್ ಪಾಠ. ಎರಡನೇ ಆಯತ್‌ನಲ್ಲಿ ಅವನ ನಾಲಿಗೆ ತಡವರಿಸಿತು. ಮತ್ತೆ ಹೇಳಿಸಿದೆ, ಮತ್ತೆ ತಪ್ಪಿದ. ಐದನೇ ಸಲಕ್ಕೆ ನನ್ನ ತಾಳ್ಮೆ ಹೋಯಿತು. ನಾಗರಬೆತ್ತದಿಂದ ಅಂಗೈಗೆ ಮೂರು ಏಟು. ಹುಡುಗ ಅಳಲಿಲ್ಲ, ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತ. ಮರುದಿನದಿಂದ ಬರಲಿಲ್ಲ. ಹೊಟ್ಟೆನೋವು ಅಂತೆ ಎಂದು ಪಕ್ಕದ ಮನೆಯ ಮಕ್ಕಳು ಹೇಳಿದರು. ಎರಡು ವಾರದ ಹೊಟ್ಟೆನೋವು ಎಂತದ್ದು ಎಂದು ನನಗೂ ಗೊತ್ತಿತ್ತು.

ಮೊದಲ ಪಾಠ ನೆಲದ ಮೇಲೆ

ಸುಬ್ಹಿ ಮುಗಿಸಿ ಮೊದಲ ಬಸ್ಸು ಹಿಡಿದೆ. ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತುವಾಗ ಮಂಜು ಎಷ್ಟಿತ್ತೆಂದರೆ ಎದುರಿನ ತಿರುವೇ ಕಾಣುತ್ತಿರಲಿಲ್ಲ. ಕೊಟ್ಟಿಗೆಹಾರದಲ್ಲಿ ಗೆಳೆಯ ಜೀಪ್ ತಂದು ಕಾಯುತ್ತಿದ್ದ. ಮುಂಡು ಬಿಟ್ಟು ಪ್ಯಾಂಟ್ ಹಾಕಿದ ನನ್ನನ್ನು ನೋಡಿ ನಗು ತಡೆಯಲಾಗಲಿಲ್ಲ ಅವನಿಗೆ. ಭಾವನ ಪ್ಯಾಂಟ್ ಅದು, ಸೊಂಟದಲ್ಲಿ ಬಿಗಿ. ತೋಟದಲ್ಲಿ ಕಾಫಿ ಕೊಯ್ಲಿನ ಸಮಯ, ಕೆಂಪು ಹಣ್ಣಿನ ಚೀಲಗಳು ರಸ್ತೆ ಬದಿಯಲ್ಲಿ ಸಾಲಾಗಿದ್ದವು.

ಎರಡು ಕುದುರೆಗಳಲ್ಲಿ ಒಂದು ಎತ್ತರದ ಕಂದು ಗಂಡು, ಪ್ರಾಯದಲ್ಲಿ ರೇಸಿನಲ್ಲಿ ಓಡಿದ್ದು. ಇನ್ನೊಂದು ಬೂದು ಬಣ್ಣದ ಹೆಣ್ಣು ಕುದುರೆ, ಮಾರ್ವಾಡಿ ತಳಿ. ಈ ತಳಿಯ ಕಿವಿಗಳ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವಂತೆ ಇರುತ್ತದೆ, ದುಆಕ್ಕೆ ಜೋಡಿಸಿದ ಕೈಗಳ ಹಾಗೆ. ಗೆಳೆಯ ಅದನ್ನು ಬೂದಿ ಎಂದು ಕರೆಯುತ್ತಾನೆ. ನನ್ನ ಪಾಲಿಗೆ ಬಂದದ್ದು ಬೂದಿ.

ನೇರ ಹತ್ತಿ ಕೂರುವುದು ಎಂದುಕೊಂಡಿದ್ದೆ. ಅವನು ಒಂದು ಗಂಟೆ ನೆಲದ ಮೇಲೇ ನಿಲ್ಲಿಸಿದ. ಕುದುರೆಯ ಹಿಂದಿನಿಂದ ಯಾವತ್ತೂ ಹೋಗಬಾರದು. ಅದರ ಕಣ್ಣು ತಲೆಯ ಎರಡು ಬದಿಗಿದೆ, ಸುತ್ತಲೂ ಕಾಣುತ್ತದೆ, ಆದರೆ ನೇರ ಹಿಂದೆ ಮತ್ತು ಮೂಗಿನ ಬುಡದಲ್ಲಿ ಕಾಣುವುದಿಲ್ಲ. ಕಾಣದ್ದು ತಾಗಿದರೆ ಒದೆಯುತ್ತದೆ. ಎಡ ಭುಜದ ಕಡೆಯಿಂದ ಮಾತಾಡುತ್ತಾ ಹೋಗಬೇಕು, ಕೈ ಮೂಸಲು ಬಿಡಬೇಕು. ಕಿವಿ ಮುಂದಕ್ಕಿದ್ದರೆ ಕುತೂಹಲ, ಹಿಂದಕ್ಕೆ ಮಲಗಿಸಿದರೆ ಸಿಟ್ಟು. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಜಾಣ ಕುದುರೆ ಹೊಟ್ಟೆ ಉಬ್ಬಿಸಿ ನಿಲ್ಲುತ್ತದೆ. ನಾಲ್ಕು ಹೆಜ್ಜೆ ನಡೆಸಿ ಮತ್ತೊಮ್ಮೆ ಬಿಗಿಯದಿದ್ದರೆ ಜೀನು ಜಾರಿ ಸವಾರ ಕುದುರೆಯ ಹೊಟ್ಟೆಯಡಿಗೆ ಬರುತ್ತಾನೆ.

"ಮದ್ರಸದ ಮಕ್ಕಳೂ ಹೀಗೇ ಅಲ್ವಾ?" ಎಂದು ನಕ್ಕ. ನಾನು ನಗಲಿಲ್ಲ.

ಜೀನು, ಲಗಾಮು, ರಿಕಾಪು, ಲಾಳ, ಸವಾರಿ. ನಾವು ಕನ್ನಡವೆಂದು ಆಡುವ ಈ ಮಾತುಗಳೆಲ್ಲ ಅರಬಿ, ಫಾರ್ಸಿಯಿಂದ ಬಂದವು. ಕುದುರೆಗಳ ಜೊತೆಗೇ ಮಾತೂ ಬಂದಿದೆ. ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ಹಡಗಿನಲ್ಲಿ ಭಟ್ಕಳದಂಥ ನಮ್ಮ ಕರಾವಳಿಯ ಬಂದರುಗಳಿಗೆ ಇಳಿದು ಘಟ್ಟ ಹತ್ತಿ ರಾಜಧಾನಿಗೆ ಹೋಗುತ್ತಿದ್ದವು. ಅದಕ್ಕೂ ಮೊದಲು, 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನು ಬತೂತ ಇಲ್ಲಿ ಯಮನ್ ಮತ್ತು ಪರ್ಷಿಯಾದ ವ್ಯಾಪಾರಿಗಳು ಬಂದಿಳಿಯುವುದನ್ನು ಬರೆದಿಟ್ಟಿದ್ದಾನೆ. ಬ್ಯಾರ ಮಾಡುವವ ಬ್ಯಾರಿ ಎನ್ನುತ್ತೇವೆ. ಆ ಬ್ಯಾರದಲ್ಲಿ ಕುದುರೆಯೂ ಒಂದು ಸರಕಾಗಿದ್ದ ಕಡಲಿನ ದಡದವರು ನಾವು. ಇವತ್ತು ನಮ್ಮ ಮಕ್ಕಳು ಕುದುರೆ ನೋಡುವುದು ಬೀಚಿನಲ್ಲಿ ಮಾತ್ರ.

ಎಳೆಯುವುದಲ್ಲ, ಬಿಡುವುದು

ತಲೆಗೆ ಹೆಲ್ಮೆಟ್ ಹಾಕಿಸಿದ. ಎಡಗಾಲು ರಿಕಾಪಿನಲ್ಲಿಟ್ಟು, ಎರಡು ಸಲ ಜಾರಿ, ಮೂರನೆಯದಕ್ಕೆ ಹತ್ತಿ ಕೂತೆ. ಕೆಳಗೆ ನಿಂತಾಗ ಅಷ್ಟೇನೂ ಎತ್ತರ ಕಾಣಲಿಲ್ಲ. ಮೇಲೆ ಕೂತಾಗ ನೆಲ ಎಲ್ಲೋ ದೂರ. ನನ್ನ ಕಾಲುಗಳ ನಡುವೆ ಒಂದು ದೊಡ್ಡ ಜೀವ ಉಸಿರಾಡುತ್ತಿತ್ತು. ಅದರ ಪಕ್ಕೆಲುಬು ಅಗಲವಾಗುವುದು, ಕುಗ್ಗುವುದು ಮೊಣಕಾಲಿಗೆ ಗೊತ್ತಾಗುತ್ತಿತ್ತು. ನನಗಿಂತ ಐದಾರು ಪಟ್ಟು ಭಾರದ ಪ್ರಾಣಿ. ಮನಸ್ಸು ಮಾಡಿದರೆ ಒಂದೇ ಕೊಡವಿಗೆ ನನ್ನನ್ನು ಕಾಫಿ ಗಿಡದ ಬುಡಕ್ಕೆ ಎಸೆಯಬಹುದು. ಎಸೆಯಲಿಲ್ಲ. ಬಾಯಲ್ಲಿ ದುಆ ತಾನಾಗಿ ಬಂತು. ನಮಗೆ ಶಕ್ತಿ ಇರಲಿಲ್ಲ ಎಂಬ ಮಾತಿಗೆ ಬಂದಾಗ ಗಂಟಲು ಕಟ್ಟಿತು. ಇಪ್ಪತ್ತು ವರ್ಷದಲ್ಲಿ ಆ ಮಾತನ್ನು ನಂಬಿ ಹೇಳಿದ್ದು ಅದೇ ಮೊದಲು.

ಮೊದಲು ಅವನು ಹಗ್ಗ ಹಿಡಿದು ಪಕ್ಕದಲ್ಲೇ ನಡೆದ. ಆಮೇಲೆ ಕಂದು ಕುದುರೆ ಹತ್ತಿ ಜೊತೆಗೆ ಬಂದ. ತೋಟದ ಬೇಲಿ ದಾಟಿ, ಕೊಯ್ಲಾದ ಗದ್ದೆಯ ಬದಿಯಲ್ಲಿ ಸಣ್ಣ ಹಳ್ಳಕ್ಕೆ ಹೋಗುವ ದಾರಿ. ಸಿಲ್ವರ್ ಮರಗಳ ನಡುವೆ ಬಿಸಿಲು ಬೀಳುತ್ತಿತ್ತು. ಕುದುರೆಯ ನಡಿಗೆಗೆ ಒಂದು ತೂಗು ಉಂಟು. ಸ್ವಲ್ಪ ಹೊತ್ತಿಗೆ ಸೊಂಟ ಅದಕ್ಕೆ ಹೊಂದಿಕೊಂಡಿತು. ಆಹಾ ಎಂದುಕೊಂಡೆ, ಸವಾರಿ ಬಂತು!

ಗದ್ದೆಯ ಬದಿಯಲ್ಲಿ ಹಸಿ ಹುಲ್ಲು ಕಂಡು ಬೂದಿ ನಿಂತಿತು. ತಲೆ ಬಗ್ಗಿಸಿ ಮೇಯತೊಡಗಿತು. ಲಗಾಮು ಎಳೆದೆ. ಏಳಲಿಲ್ಲ. ಇನ್ನೂ ಜೋರಾಗಿ ಎಳೆದೆ, ಹಿಮ್ಮಡಿಯಿಂದ ಒತ್ತಿದೆ. ತಲೆ ಎತ್ತಿತು, ಆದರೆ ಮುಂದೆ ಹೋಗಲಿಲ್ಲ. ನಿಂತಲ್ಲೇ ಸುತ್ತತೊಡಗಿತು. ಕಿವಿಗಳು ಹಿಂದಕ್ಕೆ ಮಲಗಿದವು. ನನಗೆ ಹೆದರಿಕೆ, ಹೆದರಿಕೆಗೆ ಇನ್ನಷ್ಟು ಎಳೆದು ಹಿಡಿದೆ. ಅದು ಹಿಂದಕ್ಕೆ ಹೆಜ್ಜೆ ಇಟ್ಟಿತು.

"ಬಿಡು! ಲಗಾಮು ಬಿಡು ಮಾರಾಯ!" ಎಂದು ಕೂಗಿದ ಗೆಳೆಯ.

ಬಿಟ್ಟರೆ ಓಡುತ್ತದೆ ಎಂದೇ ನನ್ನ ಲೆಕ್ಕ. ಆದರೂ ಕೈ ಸಡಿಲಿಸಿದೆ. ಬೂದಿ ನಿಂತಿತು. ಉದ್ದಕ್ಕೆ ಉಸಿರು ಬಿಟ್ಟಿತು. ಕತ್ತು ಇಳಿಯಿತು, ಕಿವಿಗಳು ಮತ್ತೆ ಜೋಡಿಯಾದವು.

ಅವನು ಪಕ್ಕಕ್ಕೆ ಬಂದು ನಿಧಾನವಾಗಿ ಹೇಳಿದ: "ಅದರ ಬಾಯೊಳಗೆ ಕಬ್ಬಿಣ ಉಂಟು, ಗೊತ್ತುಂಟಲ್ಲ? ನೀನು ಎಳೆದರೆ ನಾಲಿಗೆಗೆ, ವಸಡಿಗೆ ನೋಯ್ತದೆ. ಎಳೆಯುವುದು ತಪ್ಪಲ್ಲ. ಒಂದು ಸಲ ಹಗುರವಾಗಿ ಕೇಳು. ಅದು ಒಂದು ಹೆಜ್ಜೆ ನಿನ್ನ ಮಾತಿಗೆ ಬಂದ ಕೂಡ್ಲೇ ಬಿಡು. ಬಿಟ್ಟಾಗಲೇ ಅದಕ್ಕೆ ಗೊತ್ತಾಗುವುದು, ಓ ನಾನು ಮಾಡಿದ್ದು ಸರಿ ಅಂತ. ಸರಿ ಮಾಡಿದ್ರೂ ನೋವು, ತಪ್ಪು ಮಾಡಿದ್ರೂ ನೋವು ಅಂತಾದ್ರೆ ಅದು ಕಲಿಯುವುದು ಒಂದೇ. ನಿನ್ನಿಂದ ಓಡಿ ಹೋಗ್ಲಿಕ್ಕೆ."

ಲಾಯದ ಮುದುಕ ಅವನಿಗೆ ಕಲಿಸಿದ ಮೊದಲ ಪಾಠ ಅದಂತೆ. ಅವನು ಹೇಳಿದ್ದು ಕುದುರೆಯ ಬಗ್ಗೆ. ನನ್ನ ಕಣ್ಣೆದುರು ಬಂದದ್ದು ಕಂಕುಳಲ್ಲಿ ಕೈ ಸಿಕ್ಕಿಸಿ ಕೂತ ಹುಡುಗ.

ಹಳ್ಳದ ದಡದಲ್ಲಿ

ಲುಹರ್ ಹೊತ್ತಿಗೆ ಹಳ್ಳ ತಲುಪಿದೆವು. ಕುದುರೆಗಳಿಗೆ ಮೊದಲು ನೀರು, ಆಮೇಲೆ ನಮ್ಮ ವುಳೂ. ಪ್ಯಾಂಟೆಲ್ಲ ಕುದುರೆಯ ಬೆವರು. ನಮಾಝ್ ಆಗ್ತದಾ ಎಂದು ಅವನು ನನ್ನನ್ನೇ ಪರೀಕ್ಷೆ ಮಾಡಿದ. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಕುದುರೆಯ ಬೆವರು ನಜಸ್ ಅಲ್ಲ, ಲದ್ದಿ ನಜಸ್. ಪ್ಯಾಂಟಿನ ಅಂಚಿಗೆ ತಾಗಿದ್ದ ಲದ್ದಿಯನ್ನು ತೊಳೆದು ಅಲ್ಲೇ ಹುಲ್ಲಿನ ಮೇಲೆ ಜಮಾಅತ್ ಮಾಡಿದೆವು. ಅವನ ಮನೆಯಿಂದ ಕಟ್ಟಿ ತಂದ ಪತ್ತಿರ್, ಕೋಳಿ ಸಾರು. ಊಟ ಮಾಡುತ್ತಾ ಹುಡುಗನ ವಿಷಯ ಹೇಳಿದೆ.

ಅವನು ನನ್ನನ್ನು ಬಯ್ಯಲಿಲ್ಲ. "ಆಯಿಷಾ ಉಮ್ಮನವರ ಒಂಟೆಯ ಹದೀಸ್ ನಾವಿಬ್ಬರೂ ಒಟ್ಟಿಗೆ ಓದಿದ್ದಲ್ವಾ?" ಎಂದ.

ಓದಿದ್ದೆವು. ಸ್ವಹೀಹ್ ಮುಸ್ಲಿಮ್‌ನಲ್ಲಿದೆ. ಆಯಿಷಾ(ರ) ಹತ್ತಿದ ಒಂಟೆ ಹಟಮಾರಿಯಾಗಿತ್ತು. ಅವರು ಅದನ್ನು ಅತ್ತಿತ್ತ ಎಳೆದಾಡತೊಡಗಿದಾಗ ಪ್ರವಾದಿ(ಸ) ಅವರಿಗೆ ಮೃದುತ್ವವನ್ನು ಹಿಡಿದುಕೊಳ್ಳಲು ಹೇಳಿದರು. ಮೃದುತ್ವ ಯಾವುದರಲ್ಲಿ ಇದ್ದರೂ ಅದನ್ನು ಚಂದಗಾಣಿಸುತ್ತದೆ, ಯಾವುದರಿಂದ ಹೋದರೂ ಅದನ್ನು ಕೆಡಿಸುತ್ತದೆ ಎಂಬ ಪ್ರಸಿದ್ಧ ಉಪದೇಶ ಅಲ್ಲಿಯದ್ದು. ನಾವು ಅದನ್ನು ನಿಖಾಹ್ ಸಭೆಯಲ್ಲಿ, ವಅಳ್‌ನಲ್ಲಿ ಎಷ್ಟು ಸಲ ಹೇಳಿಲ್ಲ! ಅದು ಸವಾರಿಯ ಮೇಲೆ, ಮಾತು ಕೇಳದ ಪ್ರಾಣಿಯೊಂದರ ವಿಷಯದಲ್ಲಿ ಬಂದ ಉಪದೇಶ ಎಂಬುದನ್ನು ಮಾತ್ರ ಮರೆಯುತ್ತೇವೆ.

ಇನ್ನೆರಡು ಹದೀಸ್ ಆ ಹಳ್ಳದ ದಡದಲ್ಲಿ ನನಗೆ ಹೊಸದಾಗಿ ಕಂಡವು. ಎರಡೂ ಬುಖಾರಿಯಲ್ಲಿವೆ. ಮದೀನದಲ್ಲಿ ಪ್ರವಾದಿ(ಸ) ಕುದುರೆ ಓಟ ಏರ್ಪಡಿಸುತ್ತಿದ್ದರು. ತಯಾರು ಮಾಡಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾಅ್‌ವರೆಗೆ, ಅಂದರೆ ಸುಮಾರು ಆರು ಮೈಲಿ. ತಯಾರಾಗದ ಕುದುರೆಗಳಿಗೆ ಸನಿಯ್ಯತುಲ್ ವದಾಅ್‌ನಿಂದ ಬನೂ ಝುರೈಖ್ ಮಸೀದಿವರೆಗೆ, ಸುಮಾರು ಒಂದೇ ಮೈಲಿ. ಆ ಓಟದಲ್ಲಿ ಭಾಗವಹಿಸಿದ್ದ ಇಬ್ನು ಉಮರ್(ರ) ಅವರೇ ಇದನ್ನು ಹೇಳಿದ್ದಾರೆ. ನೋಡಿ, ತಯಾರಾಗದ ಕುದುರೆಯನ್ನು ಓಟದಿಂದ ಹೊರಗೆ ಹಾಕಲಿಲ್ಲ. ಆರು ಮೈಲಿ ಓಡಿಸಿ ಸುಸ್ತು ಮಾಡಿ ಹೊಡೆಯಲೂ ಇಲ್ಲ. ಅದರ ಉಸಿರಿಗೆ ತಕ್ಕ ದೂರ ಕೊಟ್ಟರು. ನನ್ನ ಕ್ಲಾಸಿನಲ್ಲಿ ಎಲ್ಲ ಮಕ್ಕಳಿಗೂ ಒಂದೇ ದೂರ. ಹನ್ನೊಂದು ಆಯತ್‌ನ ಸೂರಃ, ಒಂದು ವಾರ, ಅಷ್ಟೇ.

ಎರಡನೆಯದು ಅನಸ್(ರ) ಹೇಳಿದ್ದು. ಒಂದು ರಾತ್ರಿ ಏನೋ ಸದ್ದು ಕೇಳಿ ಮದೀನದ ಜನ ಹೆದರಿದರು. ಪ್ರವಾದಿ(ಸ) ಅಬೂ ತಲ್ಹಾ(ರ) ಅವರ ಕುದುರೆ ಹತ್ತಿ, ಜೀನೂ ಹಾಕದೆ, ಎಲ್ಲರಿಗಿಂತ ಮೊದಲೇ ಹೋಗಿ ನೋಡಿ ಬಂದರು. ಆ ಕುದುರೆ ನಿಧಾನದ್ದು ಎಂದೇ ಹೆಸರಾಗಿತ್ತು. ಮರಳಿ ಬಂದವರು ಜನರಿಗೆ ಧೈರ್ಯ ಹೇಳಿದರು, ಕುದುರೆಯನ್ನು ಸಮುದ್ರಕ್ಕೆ ಹೋಲಿಸಿ ಹೊಗಳಿದರು. ಆಮೇಲೆ ಆ ಕುದುರೆಯನ್ನು ಯಾವುದೂ ಹಿಂದೆ ಹಾಕಲಿಲ್ಲವಂತೆ. ನಿಧಾನ ಎಂದು ಊರೇ ಹೇಳಿದ ಕುದುರೆಗೆ ಅವರು ಕೊಟ್ಟದ್ದು ಚಾಟಿಯಲ್ಲ, ಒಂದು ಒಳ್ಳೆಯ ಮಾತು.

ಇಲ್ಲಿ ಕೆಲವು ಹೆತ್ತವರು ಕೇಳಬಹುದು, ಹತ್ತು ವರ್ಷಕ್ಕೆ ನಮಾಝ್ ಬಿಟ್ಟರೆ ಹೊಡೆಯಿರಿ ಎಂಬ ಹದೀಸ್ ಉಂಟಲ್ವಾ ಉಸ್ತಾದರೇ ಎಂದು. ಉಂಟು. ಅದಕ್ಕಿಂತ ಮೊದಲು ಏಳನೇ ವರ್ಷದಿಂದ ಮೂರು ವರ್ಷ ಬರೀ ಮಾತಿನಲ್ಲಿ ಹೇಳಬೇಕೆಂದೂ ಅದೇ ಹದೀಸ್‌ನಲ್ಲಿ ಉಂಟು. ಮುಖಕ್ಕೆ ಹೊಡೆಯಬಾರದು, ಗಾಯವಾಗಬಾರದು ಎಂಬ ಉಲಮಾಗಳ ಷರತ್ತುಗಳೂ ಉಂಟು. ಆ ಹುಡುಗನಿಗೆ ಪ್ರಾಯ ಎಂಟು. ಅವನು ನಮಾಝ್ ಬಿಟ್ಟದ್ದೂ ಅಲ್ಲ, ಅಕ್ಷರ ತಡವರಿಸಿದ್ದು. ನಾನು ಹೊಡೆದದ್ದು ದೀನಿಗಾಗಿ ಅಲ್ಲ, ನನ್ನ ಸಿಟ್ಟಿಗಾಗಿ. ಪ್ರವಾದಿ(ಸ) ಯುದ್ಧದಲ್ಲಿ ಹೊರತು ಯಾರಿಗೂ, ಹೆಂಗಸರಿಗಾಗಲಿ ಸೇವಕರಿಗಾಗಲಿ, ಕೈಯೆತ್ತಿ ಹೊಡೆದವರಲ್ಲ ಎಂದು ಆಯಿಷಾ(ರ) ಹೇಳಿದ್ದಾರೆ. ಹತ್ತು ವರ್ಷ ಅವರ ಸೇವೆ ಮಾಡಿದ ಅನಸ್(ರ) ಒಂದು 'ಛೆ' ಎಂಬ ಮಾತನ್ನೂ ಅವರಿಂದ ಕೇಳಲಿಲ್ಲ. ಶಾಲೆಗಳಲ್ಲಿ ಮಕ್ಕಳಿಗೆ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಶಾಲೆಯಲ್ಲಿ ಬೆತ್ತವಿಲ್ಲ, ಮದ್ರಸದಲ್ಲಿ ಉಂಟು ಎಂದಾದರೆ ಮಕ್ಕಳ ಮನಸ್ಸಿನಲ್ಲಿ ದೀನಿಗೆ ಯಾವ ಜಾಗ ಉಳಿಯುತ್ತದೆ?

ಮರಳುವ ದಾರಿಯಲ್ಲಿ ಕಲ್ಲುಹಾಸಿನ ಏರು ಸಿಕ್ಕಿತು. ಲಾಳ ಕಲ್ಲಿಗೆ ತಾಗಿ ಟಣ್ ಟಣ್ ಎಂದಿತು. ಕತ್ತಲಲ್ಲಿ ಜೋರಾಗಿ ಓಡಿಸಿದರೆ ಕಿಡಿ ಹಾರುವುದು ಕಾಣ್ತದೆ, ಅಲ್ಲಿ ಎಷ್ಟೋ ಸಲ ನೋಡಿದ್ದೇನೆ ಎಂದ ಗೆಳೆಯ. ಹುಡುಗ ತಡವರಿಸಿದ ಆಯತ್ ಅದೇ, ಗೊರಸಿನಿಂದ ಕಿಡಿ ಹಾರಿಸುವ ಕುದುರೆಗಳ ಮೇಲಿನ ಆಣೆ. ನಾನೇ ನೋಡದ ಕಿಡಿಯನ್ನು ಅವನ ನಾಲಿಗೆಯಿಂದ ಹೊರಡಿಸಲು ಬೆತ್ತ ಹಿಡಿದಿದ್ದೆ. ಆ ಆಣೆಗಳ ನಂತರ ಬರುವ ಮಾತು ಮನುಷ್ಯ ತನ್ನ ರಬ್ಬಿಗೆ ಕೃತಘ್ನ ಎಂದು. ಹಿಡಿ ಹುರುಳಿ ತಿನ್ನಿಸಿದವನಿಗಾಗಿ ಕುದುರೆ ಜೀವ ಬಿಟ್ಟು ಓಡುತ್ತದೆ, ಎಲ್ಲವನ್ನೂ ಕೊಟ್ಟವನಿಗೆ ಮನುಷ್ಯ ತಲೆಬಾಗುವುದಿಲ್ಲ. ಈ ಮಾತನ್ನು ಮಕ್ಕಳಿಗೆ ಹೇಳಿಕೊಡುವುದು ಬಿಟ್ಟು ಬರೀ ಉಚ್ಚಾರ ತಿದ್ದುತ್ತಿದ್ದೆ.

ಸವಾರಿಗೆ ಹೋಗುವವರಿಗೆ

ಮಕ್ಕಳನ್ನು ಕುದುರೆ ಹತ್ತಿಸುವವರಿಗೆ ಗೆಳೆಯ ಹೇಳಿದ ಐದು ಮಾತು. ಹೆಲ್ಮೆಟ್ ಇಲ್ಲದೆ ಹತ್ತಬಾರದು. ಚಪ್ಪಲಿ ಬೇಡ, ಹಿಮ್ಮಡಿ ಇರುವ ಶೂ ಬೇಕು. ಪಾದದ ಮುಂಭಾಗ ಮಾತ್ರ ರಿಕಾಪಿನಲ್ಲಿರಲಿ, ಬಿದ್ದರೆ ಕಾಲು ಸಿಕ್ಕಿಕೊಳ್ಳಬಾರದು. ಗೊತ್ತಿದ್ದವರು ಪಕ್ಕದಲ್ಲಿರಲಿ. ಐದನೆಯದೇ ಮುಖ್ಯ: ಹತ್ತುವ ಮೊದಲು ಕುದುರೆಯನ್ನು ನೋಡಿ. ಪಕ್ಕೆಲುಬು ಎದ್ದು ಕಾಣುತ್ತಿದ್ದರೆ, ಬೆನ್ನಲ್ಲಿ ಹುಣ್ಣಿದ್ದರೆ, ಕುಂಟುತ್ತಿದ್ದರೆ ಹತ್ತಬೇಡಿ, ಮಕ್ಕಳನ್ನೂ ಕೂರಿಸಬೇಡಿ. ಹೊಟ್ಟೆ ಬೆನ್ನಿಗೆ ಅಂಟಿದ್ದ ಒಂಟೆಯನ್ನು ಕಂಡು, ಮಾತು ಬಾರದ ಈ ಪ್ರಾಣಿಗಳ ವಿಷಯದಲ್ಲಿ ಅಲ್ಲಾಹನನ್ನು ಭಯಪಡಲು ಪ್ರವಾದಿ(ಸ) ಹೇಳಿದ್ದು ಅಬೂದಾವೂದ್‌ನಲ್ಲಿದೆ. ಓಟದ ಸ್ಪರ್ಧೆ ಸುನ್ನತ್‌ನಲ್ಲಿ ಉಂಟು, ಅದರ ಮೇಲೆ ಹೊರಗಿನವರು ಕಟ್ಟುವ ಬಾಜಿ ಹರಾಮ್. ಇದನ್ನೂ ಮಕ್ಕಳಿಗೆ ಹೇಳಿಕೊಡಿ.

ಹುಡುಗನ ಮನೆಗೆ

ಅಸರ್ ಮುಗಿಸಿ ಹೊರಟೆ. ಘಾಟಿ ಇಳಿಯುವಾಗ ಸೊಂಟ, ತೊಡೆ ಎಲ್ಲ ನೋವು. ಎರಡು ದಿನ ಮೆಟ್ಟಿಲು ಹತ್ತಲು ಗೋಡೆ ಹಿಡಿಯಬೇಕಾಯಿತು.

ಮೂರನೇ ದಿನ ಆ ಹುಡುಗನ ಮನೆಗೆ ಹೋದೆ. ಅವನ ಉಮ್ಮ ಗಾಬರಿಯಾದರು, ಬನ್ನಿ ಉಸ್ತಾದ್ ಎಂದು ಕುರ್ಚಿ ತಂದರು. ಹುಡುಗ ಒಳಕೋಣೆಯ ಪರದೆಯ ಹಿಂದೆ. ನಾನು ಕುರ್ಚಿ ಬಿಟ್ಟು ಜಗಲಿಯಲ್ಲಿ ಕೂತೆ. ಮೊಬೈಲಿನಲ್ಲಿ ಬೂದಿಯ ಫೋಟೋ ತೆಗೆದು ಪಕ್ಕಕ್ಕಿಟ್ಟೆ. ಕರೆಯಲಿಲ್ಲ. ಅವನ ಉಮ್ಮನ ಹತ್ತಿರ ಅದೂ ಇದೂ ಮಾತಾಡಿದೆ. ಹತ್ತು ನಿಮಿಷ ಆಗಿರಬಹುದು, ಪರದೆ ಅಲುಗಾಡಿತು.

"ಉಸ್ತಾದ್, ಅದು ಕಚ್ತದಾ?"

"ನನಗೆ ಕಚ್ಚಲಿಲ್ಲ ಮೋನೇ. ನಾನು ಅದಕ್ಕೆ ನೋವು ಮಾಡಿದೆ, ಆದರೂ ಕಚ್ಚಲಿಲ್ಲ" ಎಂದೆ. ಆಮೇಲೆ ಅವನ ಉಮ್ಮನ ಎದುರೇ ಅವನ ಹತ್ತಿರ ಕ್ಷಮೆ ಕೇಳಿದೆ. ಇದನ್ನು ಬರೆಯುವುದು ಸುಲಭ, ಅಲ್ಲಿ ಹೇಳುವುದು ಸುಲಭ ಇರಲಿಲ್ಲ. ಅವನು ಏನೂ ಹೇಳಲಿಲ್ಲ, ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತಿದ್ದ.

ರಜೆ ಮುಗಿದ ದಿನ ಅವನು ಬರಲಿಲ್ಲ. ಮರುದಿನ ಬಂದ. ಈಗ ಅವನಿಗೆ ದಿನಕ್ಕೆ ಒಂದೇ ಆಯತ್. ಎರಡನೆಯದರಲ್ಲಿ ಇನ್ನೂ ತಡವರಿಸುತ್ತಾನೆ, ಸರಿಯಾದ ಕೂಡಲೇ ಸಾಕು, ಕೂತ್ಕೋ ಎನ್ನುತ್ತೇನೆ. ಬೆತ್ತವನ್ನು ಬಿಸಾಡಿಲ್ಲ, ಬೋರ್ಡಿನಲ್ಲಿ ಅಕ್ಷರ ತೋರಿಸಲು ಬೇಕಾಗುತ್ತದೆ. ಸಿಟ್ಟು ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಮೊನ್ನೆಯೂ ಒಮ್ಮೆ ಕೈ ಎದ್ದಿತು. ಆಗ ದುಆದ ಆ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ನನ್ನ ಎದುರು ಕೂತ ಈ ಮೂವತ್ತು ಮಕ್ಕಳು ನನ್ನ ಬಲದಿಂದ ಕೂತವರಲ್ಲ. ಕೂರಿಸಿಕೊಟ್ಟವನು ಬೇರೆ ಇದ್ದಾನೆ. ಅವನ ಎದುರು ನಾನೂ ಒಂದು ದಿನ ಉತ್ತರ ಹೇಳಬೇಕಾದವನು.